ಕಮಾನು ಬೇಡವೆಂದ ನಮ್ಮ ವಾರ್ಡ್ ಸಮಿತಿಯನ್ನು ಬರಖಾಸ್ತು ಮಾಡಿದ್ದರ ಬಗ್ಗೆ

ಮಾನ್ಯ ಪೌರಾಯುಕ್ತರೇ,

ನಮ್ಮ ವಾರ್ಡ್ ಸಮಿತಿಯನ್ನು ತಾವು ಬರಖಾಸ್ತು ಮಾಡಿದ್ದೀರಿ. ಅದರ ರಚನೆ ನಿಯಮಬದ್ಧವಾಗಿರಲಿಲ್ಲ ಎಂಬುದು ತಾವು ಕೊಟ್ಟ ಕಾರಣ. ಈ ಮಾತನ್ನು ನಾನು ನೂರಕ್ಕೆ ನೂರು ಒಪ್ಪುತ್ತೇನೆ. ರಚನೆ ನಡೆದ ದಿನ ನಾನು ಅಲ್ಲೇ ಇದ್ದೆ. ಅಷ್ಟೊಂದು ನಿಯಮ ಮೀರಿದ ಕೆಲಸವನ್ನು ಅಷ್ಟೊಂದು ಸಮಾಧಾನದಿಂದ ಮಾಡುವವರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಮಾಡಿದವರು ಯಾರು ಎಂಬುದನ್ನು ಮಾತ್ರ ತಮ್ಮ ಆದೇಶ ಹೇಳುವುದಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ: ತಾವು.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ತಮ್ಮ ಹೆಸರು ಬರೆದಷ್ಟೇ ಆಯಿತು, ಅದು ಪತ್ರಿಕೆಯಲ್ಲಿ ಅಚ್ಚಾಗುವ ಪತ್ರಕ್ಕೆ ಶೋಭೆಯಲ್ಲ. ಹಾವೇರಿಯವರು ಇದನ್ನು ಓದಿ ರಾಣೇಬೆನ್ನೂರಿನ ಕತೆ ಎಂದು ನಗಲಿ, ರಾಣೇಬೆನ್ನೂರಿನವರು ಹಾವೇರಿಯದು ಎಂದು ನಗಲಿ, ಬ್ಯಾಡಗಿಯವರು ಇಬ್ಬರನ್ನೂ ನೋಡಿ ನಗಲಿ. ಬ್ಯಾಡಗಿ ಪೇಟೆಯಲ್ಲಿ ಖರೀದಿಯಾದ ಮೆಣಸಿನಕಾಯಿ ಲಾರಿಗಟ್ಟಲೆ ಬಂದು ಇಳಿಯುವ ಗೋದಾಮುಗಳ ಸಾಲು ನಮ್ಮ ವಾರ್ಡಿನಲ್ಲಿದೆ ಎಂದರೆ ಸಾಕು. ಸೀಸನ್ನಿನಲ್ಲಿ ನಮ್ಮ ಓಣಿಗೆ ಬಂದ ಬೀಗರು ಮನೆ ಕೇಳುವುದಿಲ್ಲ, ಮೊದಲು ಸೀನುತ್ತಾರೆ.

ನಾನು ಶಾಮಿಯಾನಾದವನು. ಮದುವೆ, ಗೃಹಪ್ರವೇಶ, ರಾಜಕೀಯ ಸಭೆ, ಊರೂರು ತಿರುಗುವ ನಾಟಕ ಕಂಪನಿ, ಯಾರು ಕರೆದರೂ ಕುರ್ಚಿ, ಕಂಬ, ಬಟ್ಟೆ ಒಯ್ದು ನಿಲ್ಲಿಸುವುದು ನನ್ನ ವೃತ್ತಿ. ಕುರ್ಚಿ ಹಾಕುವವನು ಯಾವತ್ತೂ ಕುರ್ಚಿಯ ಮೇಲೆ ಕೂರುವುದಿಲ್ಲ. ಈ ನಿಯಮವನ್ನು ಮುರಿಸಿದವರೂ ತಾವೇ.

ಆ ದಿನ ತಮಗೆ ನೆನಪಿದೆಯೋ ಇಲ್ಲವೋ. ಪ್ರತಿ ವಾರ್ಡಿಗೂ ಒಂದು ಸಮಿತಿ ಇರಬೇಕು, ಅದರಲ್ಲಿ ಆ ವಾರ್ಡಿನ ನಿವಾಸಿಗಳೇ ಇರಬೇಕು, ವಾರ್ಡಿಗೆ ಬಂದ ಅನುದಾನ ಯಾವ ಕೆಲಸಕ್ಕೆ ಹೋಗಬೇಕೆಂದು ಅವರು ಹೇಳಬೇಕು, ಹೀಗೆಂದು ಮೇಲಿನಿಂದ ಸುತ್ತೋಲೆ ಬಂದಿತ್ತಂತೆ. ಚುನಾಯಿತ ಮಂಡಳಿಯ ಅವಧಿ ಮುಗಿದು, ಚುನಾವಣೆ ಮುಂದೆ ಮುಂದೆ ಹೋಗಿ, ಸದ್ಯಕ್ಕೆ ಊರಿಗೆ ತಂದೆಯೂ ತಾಯಿಯೂ ತಾವೊಬ್ಬರೇ. ತಿಂಗಳ ಕೊನೆಯೊಳಗೆ ಸಮಿತಿ ಹುಟ್ಟಬೇಕು, ಹುಟ್ಟಿದ್ದಕ್ಕೆ ಫೋಟೊ ಬೇಕು. ತಮ್ಮ ಕಚೇರಿಯಿಂದ ನನಗೆ ಫೋನ್ ಬಂತು. ಸಮುದಾಯ ಭವನದಲ್ಲಿ ಕುರ್ಚಿ ಹಾಕಿಸಿ, ಮೈಕಿನವನನ್ನೂ ಕರೆತನ್ನಿ ಎಂದರು. ನನ್ನ ಜೊತೆ ಸದಾ ಮೈಕ್ ಸೆಟ್ಟು ತರುವವನು ಸಲಾವುದ್ದೀನ. ಇಬ್ಬರೂ ಹೋಗಿ ಕುರ್ಚಿ ಸಾಲು ಹಾಕಿದೆವು. ಬ್ಯಾನರ್ ಕಟ್ಟಿದೆವು. ‘ನಮ್ಮ ವಾರ್ಡು, ನಮ್ಮ ನಿರ್ಧಾರ’ ಎಂದು ಬ್ಯಾನರಿನ ಮೇಲಿತ್ತು. ಅದರ ಕೆಳಗೆ ತಮ್ಮ ಭಾವಚಿತ್ರ.

ಎಲ್ಲವೂ ಇತ್ತು, ಜನ ಇರಲಿಲ್ಲ. ಎಲ್ಲಿಂದ ಬರಬೇಕು? ಸಭೆಯ ಪ್ರಕಟಣೆಯನ್ನು ತಮ್ಮ ಕಚೇರಿಯ ಗಾಜಿನ ಫಲಕದೊಳಗೆ ಅಂಟಿಸಿದ್ದರು, ಅದೂ ಬರಹ ಗೋಡೆಯ ಕಡೆಗೆ ಮಾಡಿ. ತಾವು ಜೀಪಿನಿಂದ ಇಳಿದು ಒಳಗೆ ಬಂದು ಖಾಲಿ ಕುರ್ಚಿಗಳನ್ನು ನೋಡಿದಿರಿ.

“ಏನ್ರೀ ಇದು? ಜನ ಎಲ್ಲಿ?”

“ಬರ್ತಾರ್ರಿ ಸರ, ಲಗೂನ ಬರ್ತಾರ,” ಎಂದರು ತಮ್ಮ ಆರೋಗ್ಯ ನಿರೀಕ್ಷಕರು. ಹಾಗೆಂದು ಬಾಗಿಲಿನ ಕಡೆ ನೋಡಿದರು. ಬಾಗಿಲಲ್ಲಿ ನಾಯಿ ಇತ್ತು.

ತಾವು ಗಡಿಯಾರ ನೋಡಿಕೊಂಡಿರಿ. ಮುಂದಿನ ವಾರ್ಡಿನಲ್ಲಿ ಮುಂದಿನ ರಚನೆ ಇತ್ತು. ಆಗ ತಮ್ಮ ದೃಷ್ಟಿ ನನ್ನ ಮೇಲೆ ಬಿತ್ತು. “ನೀವು ಈ ವಾರ್ಡಿನವರಾ?” ಎಂದಿರಿ. ಹೌದೆಂದೆ. “ಕೂತ್ಕೊಳ್ಳಿ ಮತ್ತೆ,” ಎಂದಿರಿ. ಕೂತೆ. ಸದಸ್ಯನಾದೆ. ಅಷ್ಟೊತ್ತಿಗೆ ಸಲಾವುದ್ದೀನ ಮೈಕಿನಲ್ಲಿ “ಹಲೋ, ಹಲೋ” ಎಂದ. “ಧ್ವನಿ ಚೆನ್ನಾಗಿದೆ, ಇವರನ್ನೂ ಬರ್ಕೊಳ್ಳಿ,” ಎಂದಿರಿ. ಮದುವೆಯ ಶಾಮಿಯಾನಾ ವಿಚಾರಿಸಲು ನನ್ನನ್ನು ಹುಡುಕಿಕೊಂಡು ಬಂದಿದ್ದ ಗೋದಾಮಿನ ಸಾಹುಕಾರ ಪ್ರಭುಲಿಂಗಪ್ಪನವರು ಗಣ್ಯರ ಕೋಟಾದಲ್ಲಿ ಬಂದರು. ಮಿರ್ಚಿ, ಮಂಡಕ್ಕಿಯ ಪೊಟ್ಟಣ ತಂದ ಹೋಟೆಲಿನವನಿಗೆ ನೈರ್ಮಲ್ಯದ ಹೊಣೆ ಕೊಟ್ಟಿರಿ. ನನ್ನ ಕುರ್ಚಿ ಹೊರುವವರು ಕುರ್ಚಿ ಹೊರುತ್ತಲೇ ಸದಸ್ಯರಾದರು. ಮಹಿಳೆಯರು ಬೇಕಿತ್ತು, ಒಬ್ಬರೂ ಇರಲಿಲ್ಲ. ಅಷ್ಟರಲ್ಲಿ ಖಾಲಿ ಕೊಡ ಹಿಡಿದುಕೊಂಡು ಫಕ್ಕೀರವ್ವ ಬಂದಳು. ನಳದಲ್ಲಿ ನೀರು ಯಾಕೆ ಬಂದಿಲ್ಲ ಎಂದು ಸಾಹೇಬರನ್ನೇ ಕೇಳಿಬಿಡುವ ಉದ್ದೇಶ ಅವಳದು. ಬಾಯಿ ತೆಗೆಯುವ ಮೊದಲೇ ಅವಳನ್ನು ಮಹಿಳಾ ಪ್ರತಿನಿಧಿ ಎಂದು ಘೋಷಿಸಿ, ಕೊರಳಿಗೆ ಶಾಲು ಹಾಕಿ, ಫೋಟೊದ ನಡುವೆ ನಿಲ್ಲಿಸಿದಿರಿ. ಅವಳ ಹಿಂದೆ ಜಗಳ ನೋಡಲು ಬಂದಿದ್ದ ಅವಳ ನೆಗೆಣ್ಣಿ ಶಾರದವ್ವನನ್ನೂ ಬಿಡಲಿಲ್ಲ.

ಆಮೇಲೆ ತಾವು ಭಾಷಣ ಮಾಡಿದಿರಿ. ತಳಮಟ್ಟದ ಪ್ರಜಾಪ್ರಭುತ್ವ, ಸಹಭಾಗಿತ್ವ, ಸಬಲೀಕರಣ. ಮೈಕ್ ಚೆನ್ನಾಗಿ ಕೇಳಿಸುತ್ತಿತ್ತು, ಅದು ಸಲಾವುದ್ದೀನನ ಹೆಚ್ಚುಗಾರಿಕೆ. ಜೀಪು ಹೋಯಿತು. ನಾವು ಸಮಿತಿಯವರು ಕುರ್ಚಿ ಒಟ್ಟಿ ಟೆಂಪೊಗೆ ಹಾಕಿದೆವು.

ಇಷ್ಟಕ್ಕೇ ಮುಗಿಯಬೇಕಿತ್ತು. ತಾವೂ ಹಾಗೇ ತಿಳಿದಿದ್ದಿರಿ, ನಾನೂ. ಆದರೆ ಮುಂದಿನ ತಿಂಗಳು ಫಕ್ಕೀರವ್ವ ನನ್ನ ಅಂಗಡಿಗೆ ಬಂದು ನಿಂತಳು.

“ಸಮಿತಿ ಯಾವಾಗರಿ?”

“ಯಾವ ಸಮಿತಿ ಬೇ?”

“ನಂದು,” ಎಂದಳು. “ಮೆಣಸಿನಕಾಯಿ ಗೋದಾಮಿನ್ಯಾಗ ಎಲ್ಲಾರಿಗೂ ಹೇಳಿಬಿಟ್ಟೇನಿ, ನಾ ಸಮಿತಿ ಮೆಂಬರು ಅಂತ. ಈಗ ಹೆಣಮಕ್ಕಳು ದಿನಾ ಕೇಳಾಕತ್ತಾರ, ಏನ್ ಮಾಡಿದಿ, ಏನ್ ಮಾಡಿದಿ ಅಂತ. ಶಾಲು ಹೊಚ್ಚಿಸಿಕೊಂಡು ಸುಮ್ನ ಕುಂದ್ರಾಕ ನನಗ ನಾಚಿಕಿ ಬರತೈತಿ.”

ನಾಚಿಕೆ ಎಂಬ ಶಬ್ದ ತಮ್ಮ ಸುತ್ತೋಲೆಯಲ್ಲಿ ಇಲ್ಲ. ಹಾಗಾಗಿ ಅದರ ವಿರುದ್ಧ ತಾವು ಮುನ್ನೆಚ್ಚರಿಕೆ ವಹಿಸಿರಲಿಲ್ಲ.

ನಮ್ಮ ಮೊದಲ ಸಭೆ ನನ್ನ ಶಾಮಿಯಾನಾ ಗೋದಾಮಿನಲ್ಲಿ, ಅಡುಗೆಯ ದೊಡ್ಡ ಪಾತ್ರೆಗಳ ನಡುವೆ ನಡೆಯಿತು. ಸಭೆ ಎಂದರೆ ಜಗಳ. ಪ್ರಭುಲಿಂಗಪ್ಪನವರು, “ನಾ ಹಿರಿಯ, ನಾನ ಅಧ್ಯಕ್ಷ,” ಎಂದರು. ಹೋಟೆಲಿನವನು ಚಹಾ ತನ್ನದು, ಆದ್ದರಿಂದ ಅಧ್ಯಕ್ಷತೆಯೂ ತನ್ನದು ಎಂದ. ಸಲಾವುದ್ದೀನ ಇಷ್ಟು ಸಣ್ಣ ಜಾಗದಲ್ಲೂ ಮೈಕ್ ಹಚ್ಚಿಯೇ ಮಾತಾಡುತ್ತೇನೆಂದು ಹಟ ಹಿಡಿದ. ಬೀದಿನಾಯಿಗಳ ಬಗ್ಗೆ ಒಂದು ಅರ್ಜಿ ಬರೆದೆವು, ಅದನ್ನು ತಪ್ಪಿ ವಿದ್ಯುತ್ ಇಲಾಖೆಗೆ ಕೊಟ್ಟು ಬಂದೆವು. ಆದರೂ ಎರಡನೆಯ ಸಭೆಗೆ ಎಲ್ಲರೂ ಬಂದರು, ಮೂರನೆಯದಕ್ಕೆ ಸದಸ್ಯರಲ್ಲದವರೂ ಬಂದರು. ಓಣಿಯ ತುದಿಯ ದೀಪ ಹೊತ್ತಿತು. ನಳದ ನೀರು ಬಿಡುವ ಹೊತ್ತನ್ನು ವಾಲ್ವ್‌ಮನ್ನನ ಜೊತೆ ಕೂತು ಗೊತ್ತುಮಾಡಿಕೊಂಡೆವು. ಇದನ್ನೆಲ್ಲ ಹೊಗಳಿಕೆಗೆ ಬರೆಯುತ್ತಿಲ್ಲ. ಸುಮ್ಮನೆ ನಾಲ್ಕು ಜನ ಒಂದು ಕಡೆ ಕೂತರೆ ಇಷ್ಟಾದರೂ ಆಗುತ್ತದೆ. ಆಗಬಾರದೆಂದೇ ಕೂರಿಸುವುದಿಲ್ಲವೇನೋ.

ಒಂದು ಸಭೆಗೆ ಶಾರದವ್ವ ಬರಲಿಲ್ಲ. ಯಾಕೆಂದು ಕೇಳಿದರೆ ದವಾಖಾನೆಯಲ್ಲಿದ್ದಾಳೆ ಎಂದಳು ಫಕ್ಕೀರವ್ವ. ಚಳಿಜ್ವರ, ಸೊಂಟನೋವು. ಮೂತ್ರದ ಸೋಂಕು ಮೇಲಕ್ಕೇರಿ ಮೂತ್ರಪಿಂಡಕ್ಕೆ ತಾಗಿದೆ ಎಂದು ಡಾಕ್ಟರು ಹೇಳಿದ್ದರು. ಪ್ರಭುಲಿಂಗಪ್ಪನವರು ಬೇಸರದಿಂದ, “ನೀರು ಛಲೋ ಕುಡೀಬೇಕು ನೋಡವಾ,” ಎಂದರು.

ಫಕ್ಕೀರವ್ವ ಅವರನ್ನೇ ನೋಡಿದಳು. “ಸಾವಕಾರ್ರ, ನಿಮ್ಮ ಗೋದಾಮಿನ್ಯಾಗ ಮುಂಜಾನಿಂದ ಸಂಜೀತನಕ ಕುಂತು ಮೆಣಸಿನಕಾಯಿ ತೊಟ್ಟು ಬಿಡಸ್ತೀವಿ. ಆ ಘಾಟಿನ್ಯಾಗ ಗಂಟಲ ಒಣಗಿ ಕಟ್ಟಿಗಿ ಆಗಿರತೈತಿ. ಆದ್ರೂ ನಾವು ನೀರು ಕುಡಿಯಂಗಿಲ್ಲ. ಯಾಕ ಹೇಳ್ರಿ? ಕುಡದ್ರ ಹೋಗಬೇಕಾಗತೈತಿ. ಹೋಗಾಕ ಎಲ್ಲೆ ಐತಿ? ಮೊದಲ ಜಾಲಿಕಂಟಿ ಇತ್ತು. ಈಗ ಅಲ್ಲೆ ಲೇಔಟ್ ಆಗೇತಿ. ಕತ್ತಲಾಗೂಮಟಾ ಹಲ್ಲು ಕಚ್ಚಿ ಕುಂದರ್ತೀವಿ.”

ಸಲಾವುದ್ದೀನ ಮೈಕ್ ಬಂದ್ ಮಾಡಿದ. ನಾನು ಆ ಗೋದಾಮುಗಳ ಮುಂದೆ ದಿನಾ ಹಾಯುವವನು. ಆ ಹೆಣ್ಣುಮಕ್ಕಳು ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕೂತಿರುವುದನ್ನು ನೋಡಿದ್ದೇನೆ. ಅವರ ಬಾಯಿ ಒಣಗಿರುತ್ತದೆಂದು ಹೇಗೆ ತಿಳಿಯಬೇಕಿತ್ತು? ಅವರನ್ನು ಒಂದು ಮಾತು ಕೇಳಲು ಒಂದು ಸಭೆ ಬೇಕಾಯಿತು. ಆ ಸಭೆ ತಾವು ಗಡಿಯಾರ ನೋಡುತ್ತ ಹುಟ್ಟಿಸಿದ್ದು. ಆ ಉಪಕಾರವನ್ನು ನಾವು ಮರೆತಿಲ್ಲ.

ಸಭೆಯಲ್ಲಿ ಎಲ್ಲರೂ ಒಪ್ಪಿದರು: ಈ ವರ್ಷ ವಾರ್ಡಿಗೆ ಬರುವ ಅನುದಾನದಲ್ಲಿ ಗೋದಾಮಿನ ಸಾಲಿನ ಪಕ್ಕದ ನಗರಸಭೆಯ ಖಾಲಿ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಬೇಕು.

ತಮ್ಮ ಮನಸ್ಸಿನಲ್ಲಿ ಬೇರೆ ಇತ್ತು. ಅದೇ ಜಾಗದಲ್ಲಿ, ವಾರ್ಡಿನ ಬಾಯಲ್ಲಿ, ಒಂದು ಸ್ವಾಗತ ಕಮಾನು. ಎರಡು ಕಡೆ ಆನೆ, ಮೇಲೆ ಕಳಸ, ನಡುವೆ ‘ಸುಸ್ವಾಗತ’. ಅದಕ್ಕೆ ಸಮಿತಿಯ ಒಪ್ಪಿಗೆ ಬೇಕಿತ್ತು, ಆದ್ದರಿಂದ ಖುದ್ದು ತಾವೇ ನನ್ನ ಗೋದಾಮಿಗೆ ದಯಮಾಡಿಸಿದಿರಿ. ಮದುಮಗನಿಗೆ ಇಡುವ ಕೆಂಪು ಮಖಮಲ್ಲಿನ ಕುರ್ಚಿಯನ್ನೇ ತಮಗೆ ಇಟ್ಟೆ. ಚೆನ್ನಾಗಿ ಒಪ್ಪಿತ್ತು.

“ಇದು ಬರೀ ಔಪಚಾರಿಕ. ಕೈ ಎತ್ತಿಬಿಡಿ, ಮುಗೀತು,” ಎಂದಿರಿ. ಪ್ರಭುಲಿಂಗಪ್ಪನವರ ಕಡೆ ತಿರುಗಿ, ಕಮಾನಿಗೆ ಅವರ ತೀರಿಕೊಂಡ ತಂದೆಯವರ ಹೆಸರು ಇಡುವ ವಿಚಾರವಿದೆ ಎಂದೂ ಹೇಳಿದಿರಿ. ಸಾಹುಕಾರರ ಕಣ್ಣು ತುಂಬಿ ಬಂತು. ಅವರ ಕೈ ಅರ್ಧ ಮೇಲೆದ್ದಿತ್ತು.

“ಸಾವಕಾರ್ರ, ಒಂದು ಮಾತು ಕೇಳ್ಲೇನ್ರಿ?” ಎಂದಳು ಫಕ್ಕೀರವ್ವ.

“ಕೇಳವಾ.”

“ನಾವು ಕತ್ತಲಾದ ಮ್ಯಾಲೆ ಇಷ್ಟೂ ಹೆಣಮಕ್ಕಳು ಎಲ್ಲೆರ ಮರೆ ನೋಡಿ ಹೋಗಾಕ ಬೇಕಲ್ಲ. ಸುತ್ತಮುತ್ತ ಬಯಲ ಐತಿ. ಕಮಾನು ಎದ್ದರ ಅದಕೊಂದು ಹಿಂಬದಿ ಇರತೈತಿ. ಮ್ಯಾಲೆ ನಿಮ್ಮಪ್ಪಾರ ಹೆಸರು ಇರತೈತಿ. ನಿಮಗ ನಡೀತೈತೇನ್ರಿ?”

ಅರ್ಧ ಎದ್ದ ಕೈ ಅಲ್ಲೇ ನಿಂತಿತು. ಸಾಹುಕಾರರು ಆ ದೃಶ್ಯವನ್ನು ಮನಸ್ಸಿನಲ್ಲಿ ಕಂಡುಕೊಳ್ಳುತ್ತಿದ್ದುದು ನಮಗೆಲ್ಲ ಕಾಣುತ್ತಿತ್ತು. ನಿಧಾನಕ್ಕೆ ಕೈ ಇಳಿಸಿ, “ಕಮಾನು ಬ್ಯಾಡ್ರಿ ಸಾಹೇಬ್ರ. ಶೌಚಾಲಯ ಕಟ್ರಿ,” ಎಂದರು.

“ಹಂಗಾರ ಅದಕ್ಕ ನಿಮ್ಮಪ್ಪಾರ ಹೆಸರು ಇಡೂಣೇನ್ರಿ?” ಎಂದ ಸಲಾವುದ್ದೀನ, ಮೈಕಿನಲ್ಲಿ. ಸಾಹುಕಾರರು ಅವನಿಗೆ ಏನೆಂದರು ಎಂಬುದನ್ನು ಪತ್ರಿಕೆಯವರು ಮುದ್ರಿಸುವುದಿಲ್ಲ.

ಎಲ್ಲ ಕೈಗಳೂ ಶೌಚಾಲಯಕ್ಕೇ ಎದ್ದವು. ಕಮಾನಿಗೆ ಒಂದೂ ಇಲ್ಲ. ತಾವು ಚಹಾ ಮುಗಿಸದೆ ಎದ್ದಿರಿ. ಆಮೇಲೆ ಬಂದ ಆದೇಶ ತಮಗೇ ಗೊತ್ತು. ಅದುವರೆಗೆ ನಾವು ತಮ್ಮ ಕಚೇರಿಗೆ ಹೋದಾಗೆಲ್ಲ ‘ಸಮಿತಿಯವರು’ ಎನ್ನುತ್ತಿದ್ದ ಸಿಬ್ಬಂದಿ, ನಮ್ಮ ರಚನೆಯಲ್ಲಿ ದೋಷವಿದೆ ಎಂದು ಆವತ್ತು ಒಮ್ಮೆಲೆ ಕಂಡುಹಿಡಿದರು. ತಮ್ಮ ಕೊಠಡಿಯ ಬಾಗಿಲು ಹಾಕಿಕೊಂಡು ಹೊಸ ಸಮಿತಿ ರಚಿಸಲಾಯಿತು. ಅದರ ಸದಸ್ಯರನ್ನು ನಮ್ಮ ವಾರ್ಡಿನಲ್ಲಿ ಬಹಳ ಹುಡುಕಿದೆವು. ಒಬ್ಬರು ಸಿಕ್ಕರು. ಅವರು ಶಿವಮೊಗ್ಗದಲ್ಲಿ ಇರುತ್ತಾರೆ, ಇಲ್ಲಿಯ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಹೊಸ ಸಮಿತಿ ಕಮಾನಿಗೆ ಒಪ್ಪಿತು. ಆ ಖಾಲಿ ಜಾಗದಲ್ಲಿ ಕಂಬಕ್ಕೆ ಗುಂಡಿ ತೋಡಿದರು.

ಗುಂಡಿ ತೋಡಿದ ಮಾರನೆಯ ದಿನ ಮಧ್ಯಾಹ್ನ, ಗೋದಾಮುಗಳ ಊಟದ ಹೊತ್ತಿನಲ್ಲಿ, ಹೆಣ್ಣುಮಕ್ಕಳೆಲ್ಲ ಎದ್ದು ತಮ್ಮ ಕಚೇರಿಗೆ ನಡೆದರು. ಘೋಷಣೆ ಇಲ್ಲ, ಧ್ವಜ ಇಲ್ಲ. ತಲೆಗೆ ಕಟ್ಟಿದ ಬಟ್ಟೆ ಹಾಗೇ ಇತ್ತು, ಸೀರೆಯ ಸೆರಗಿನಲ್ಲಿ ಮೆಣಸಿನಕಾಯಿಯ ಘಾಟು ಹಾಗೇ ಇತ್ತು. ಮುಂದೆ ಫಕ್ಕೀರವ್ವ. ನಾನೂ ಸಲಾವುದ್ದೀನನೂ ಹಿಂದೆ ಹೋದೆವು, ಕುತೂಹಲ ತಡೆಯದೆ. ತಮ್ಮ ಸಿಪಾಯಿ ಅಡ್ಡ ನಿಂತು ಏನು ಬೇಕೆಂದು ಕೇಳಿದ.

“ಏನೂ ಬ್ಯಾಡಪ್ಪ,” ಎಂದಳು ಫಕ್ಕೀರವ್ವ. “ಸಂಡಾಸಕ್ಕ ಬಂದೇವಿ.”

ಕಚೇರಿ ಸೀನತೊಡಗಿತು. ಲೆಕ್ಕಿಗರು ಸೀನಿದರು, ಆರೋಗ್ಯ ನಿರೀಕ್ಷಕರು ಸೀನಿದರು, ಕೊಠಡಿಯೊಳಗಿನಿಂದ ತಾವು ಸೀನಿದ್ದೂ ಕೇಳಿಸಿತು. ಹೆಂಗಸರು ಸಾಲಾಗಿ ಹೋದರು, ಬಂದರು, ಕೈ ತೊಳೆದರು, ತಮ್ಮ ಫಿಲ್ಟರಿನ ತಣ್ಣನೆಯ ನೀರನ್ನು ಗಟಗಟ ಕುಡಿದು ಕೆಲಸಕ್ಕೆ ಮರಳಿದರು. ಮರುದಿನವೂ ಬಂದರು. ಮೂರನೆಯ ದಿನ ಕಚೇರಿಯ ಸಾರ್ವಜನಿಕರ ಶೌಚಾಲಯಕ್ಕೆ ಬೀಗ ಬಿದ್ದಿತ್ತು. ‘ದುರಸ್ತಿಯಲ್ಲಿದೆ’ ಎಂಬ ಹಲಗೆ ತೂಗುಬಿಟ್ಟಿದ್ದರು. ಹಲಗೆಯ ಬಣ್ಣ ಇನ್ನೂ ಒಣಗಿರಲಿಲ್ಲ.

ಹೆಂಗಸರು ಬೀಗ ನೋಡುತ್ತ ನಿಂತರು. ಶಾರದವ್ವ ಆವತ್ತೇ ಮೊದಲ ಸಲ ಕೆಲಸಕ್ಕೆ ಮರಳಿದ್ದಳು. ಗೋಡೆಗೆ ಕೈಯೂರಿ ನಿಂತವಳ ಮುಖದಲ್ಲಿ ಬೆವರಿತ್ತು. ಆಗ ಜನನ ಮರಣ ವಿಭಾಗದಿಂದ ಮಹೇಶ್ವರಿ ಎಂಬ ಗುಮಾಸ್ತೆ ಎದ್ದು ಬಂದರು. ಗುತ್ತಲದಿಂದ ದಿನಾ ಬಸ್ಸಿಗೆ ಬರುವ ಹುಡುಗಿ, ಕೆಲಸ ಇನ್ನೂ ಕಾಯಂ ಆಗಿಲ್ಲ. ಮಹಿಳಾ ಸಿಬ್ಬಂದಿಯ ಶೌಚಾಲಯದ ಕೀಲಿ ಅವರ ಹತ್ತಿರ ಇತ್ತು. “ಬರ್ರಿ ಅಮ್ಮಾರ,” ಎಂದು ಶಾರದವ್ವನ ಕೈ ಹಿಡಿದು ಕರೆದೊಯ್ದರು. ಉಳಿದವರಿಗೂ ಬಾಗಿಲು ತೆರೆದಿಟ್ಟು, ಮೇಜಿಗೆ ಮರಳಿ ಯಾರದೋ ಜನನ ಪತ್ರ ಬರೆಯುತ್ತ ಕೂತರು.

ಅವರಿಗೆ ತಾವು ನೋಟಿಸು ಕೊಟ್ಟಿರಿ. ಕಚೇರಿಯ ಸೌಲಭ್ಯವನ್ನು ಅನಧಿಕೃತ ವ್ಯಕ್ತಿಗಳ ಬಳಕೆಗೆ ಬಿಟ್ಟ ಕರ್ತವ್ಯಲೋಪ. ಮಾನ್ಯರೇ, ಮೂತ್ರಕ್ಕೆ ಅಧಿಕೃತ ವ್ಯಕ್ತಿ ಎಂದರೆ ಯಾರು? ನೇಮಕಾತಿ ಪ್ರಾಧಿಕಾರ ಯಾವುದು?

ನಾನು ತಮ್ಮನ್ನು ಕಾಣಲು ಬಂದೆ. “ನೀವು ಯಾವ ಅಧಿಕಾರದಿಂದ ಕೇಳ್ತಿದ್ದೀರಿ?” ಎಂದಿರಿ. ಆವತ್ತು ಬಂದ ದಾರಿಗೇ ವಾಪಸ್ಸು ಹೋದೆ.

ಭಾನುವಾರ ನಾವು ಒಂದಿಷ್ಟು ಜನ ಗುತ್ತಲಕ್ಕೆ ಮಹೇಶ್ವರಿಯವರ ಮನೆಗೆ ಹೋದೆವು. ಅವರ ತಾಯಿ ಚಹಾ ಕೊಟ್ಟರು, ಆದರೆ ನಮ್ಮ ಮುಖ ನೋಡಲಿಲ್ಲ. ಕೀಲಿ ಕೊಟ್ಟಿದ್ದು ತಪ್ಪಾಯಿತು ಎಂದು ಬರೆದುಕೊಟ್ಟರೆ ನೋಟಿಸು ಅಲ್ಲಿಗೇ ಮುಗಿಯುತ್ತದೆ ಎಂದು ಕಚೇರಿಯಿಂದ ಹೇಳಿ ಕಳಿಸಿದ್ದರಂತೆ.

“ಬರಕೊಡವಾ,” ಎಂದುಬಿಟ್ಟಳು ಫಕ್ಕೀರವ್ವ. ನಾನು ಅವಳನ್ನೇ ನೋಡಿದೆ. ಇಷ್ಟೆಲ್ಲ ಕದನ ಹೂಡಿದವಳು ಅವಳು. “ನಮ್ಮ ಸಲುವಾಗಿ ನೌಕರಿ ಕಳಕೋಬ್ಯಾಡ. ನಾವು ಇಷ್ಟು ವರ್ಷ ಹೆಂಗ ತಡಕೊಂಡೇವೋ ಹಂಗ ತಡಕೋತೀವಿ. ನಿನ್ನ ಬಾಳೇವು ಮುಂದ ಐತಿ. ಬರಕೊಡು.”

“ಇಲ್ರಿ ಅಮ್ಮ,” ಎಂದರು ಮಹೇಶ್ವರಿ ಮೆಲ್ಲಗೆ. “ನಾ ಅದನ್ನ ತಪ್ಪು ಅಂತ ಬರದ್ರ, ನಾಳೆ ಇನ್ನೊಬ್ಬಾಕಿ ಬಂದು ನಿಂತಾಗ ಕೀಲಿ ಹೆಂಗ ಕೊಡ್ಲಿ?”

ಅವರ ತಾಯಿ ಒಳಗೆ ಎದ್ದು ಹೋದರು. ಅತ್ತರೋ ಏನೋ ನಮಗೆ ಗೊತ್ತಾಗಲಿಲ್ಲ. ಹೊರಡುವಾಗ ಬಾಗಿಲಿಗೆ ಬಂದು ಫಕ್ಕೀರವ್ವನಿಗೆ ಕುಂಕುಮ ಇಟ್ಟರು. ಮನೆಗೆ ಬಂದವನೇ ಈ ಪತ್ರ ಬರೆಯಲು ಕೂತೆ.

ಈಗ ನಮ್ಮ ಬೇಡಿಕೆ. ನಮ್ಮನ್ನು ಮತ್ತೆ ಸದಸ್ಯರನ್ನಾಗಿ ಮಾಡಿ ಎಂದು ಕೇಳುತ್ತಿಲ್ಲ. ನಾವು ನಿಯಮಬಾಹಿರರು, ಒಪ್ಪಿದ್ದೇವೆ. ಆದರೆ ಮುಚ್ಚಿದ ಬಾಗಿಲ ಹಿಂದೆ ಹುಟ್ಟಿದ ಸಮಿತಿಯೂ ನಿಯಮಬದ್ಧವಲ್ಲ, ಅದನ್ನೂ ವಿಸರ್ಜಿಸಿ. ವಾರ್ಡಿನ ತುಂಬ ಡಂಗುರ ಸಾರಿಸಿ, ಹಗಲು ಹೊತ್ತಿನಲ್ಲಿ, ಹೆಂಗಸರಿಗೆ ಕೆಲಸದಿಂದ ಬಿಡುವಿರುವ ದಿನ ನೋಡಿ ಸಭೆ ಕರೆಯಿರಿ. ಜನ ಯಾರನ್ನು ಆರಿಸುತ್ತಾರೋ ಅವರೇ ಸಮಿತಿ. ಆ ಸಮಿತಿ ಕಮಾನು ಬೇಕೆಂದರೆ ಕಟ್ಟಿ, ನಾನೇ ಅದಕ್ಕೆ ಬಣ್ಣದ ದೀಪಗಳ ಸೀರಿಯಲ್ ಸೆಟ್ ಹಾಕಿಸುತ್ತೇನೆ. ಅಲ್ಲಿಯವರೆಗೆ ಗುಂಡಿಯಲ್ಲಿ ಸಿಮೆಂಟು ಬೀಳಬಾರದು. ತಮ್ಮ ಕಚೇರಿಯ ಸಾರ್ವಜನಿಕರ ಶೌಚಾಲಯದ ದುರಸ್ತಿ ಇಷ್ಟೊತ್ತಿಗೆ ಮುಗಿದಿರಬೇಕು, ಯಾಕೆಂದರೆ ಅದು ಶುರುವೇ ಆಗಿರಲಿಲ್ಲ. ಬೀಗ ತೆಗೆಯಿರಿ.

ಎಲ್ಲಕ್ಕಿಂತ ಮೊದಲು ಮಹೇಶ್ವರಿಯವರ ನೋಟಿಸನ್ನು ಹಿಂಪಡೆಯಿರಿ. ತಪ್ಪಾಯಿತು ಎಂದು ಅವರಿಂದ ಬರೆಸಿಕೊಳ್ಳದೆ. ತಮಗೆ ಒಂದು ದಸ್ತಾವೇಜು ಬೇಕೇ ಬೇಕು ಎಂದಾದರೆ, ಆ ಕೀಲಿಯನ್ನು ಕೇಳಿದವರು ನಾವು ಎಂದು ವಾರ್ಡಿನ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿ ಕೊಡಲು ಸಿದ್ಧರಿದ್ದಾರೆ. ಮೆಣಸಿನಕಾಯಿ ಬಿಡಿಸಿದ ಕೈ, ಕಾಗದ ಮುಟ್ಟಿದ ಮೇಲೆ ಕಣ್ಣು ಮುಟ್ಟಿಕೊಳ್ಳಬೇಡಿ.

ಇಂತಿ,
ಯಾವ ಅಧಿಕಾರವೂ ಇಲ್ಲದ, ಆದರೂ ಈ ವಾರ್ಡಿನಲ್ಲೇ ಇರುವ,
ಶಾಮಿಯಾನಾ ಮೈಲಾರೆಪ್ಪ